ಮುಂದಿನ ಸೀಸನ್‌ನ ಟಾಪ್ ತಂಡ ಯಾವುದು? ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್ ಊಹಿಸುವ ಬಗೆ

2023ರ ಮೇ ತಿಂಗಳಲ್ಲಿ ನಾನು ನೋಟ್‌ಬುಕ್ ಹಿಡಿದು ಕೂತು, ಅಮೆರಿಕದ ಮಹಿಳಾ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮುಂದಿನ ಸೀಸನ್‌ಗೆ ಯಾರು ಮೇಲೆ ಬರುತ್ತಾರೆ ಅಂತ ಹತ್ತು ತಂಡಗಳ ಪಟ್ಟಿ ಮಾಡಿದ್ದೆ. ಒಂದನೇ ಸ್ಥಾನ ಎಲ್‌ಎಸ್‌ಯುಗೆ, ಅಂದರೆ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಗೆ. ಸೌತ್ ಕ್ಯಾರೊಲಿನಾಗೆ ಏಳನೆಯದು. ಎಲ್‌ಎಸ್‌ಯು ಆಗಷ್ಟೇ ಅಯೋವಾವನ್ನು 102-85ರಿಂದ ಸೋಲಿಸಿ ರಾಷ್ಟ್ರೀಯ ಕಪ್ ಗೆದ್ದಿತ್ತು, ತಂಡದ ಸ್ಟಾರ್ ಏಂಜೆಲ್ ರೀಸ್ ಇನ್ನೂ ತಂಡದಲ್ಲೇ ಇದ್ದರು, ಅದರ ಮೇಲೆ ಲೂಯಿವಿಲ್‌ನಿಂದ ಹೇಲಿ ವ್ಯಾನ್ ಲಿತ್, ಡಿಪಾಲ್‌ನಿಂದ ಅನೀಸಾ ಮಾರೋ ಬಂದು ಸೇರಿದ್ದರು. ಸೌತ್ ಕ್ಯಾರೊಲಿನಾದಲ್ಲಿ ಮೊದಲ ಐವರೂ ಹೊರಟು ಹೋಗಿದ್ದರು. ಅಷ್ಟು ಜನ ಹೋದ ಮೇಲೆ ತಂಡದಲ್ಲಿ ಏನು ಉಳಿಯುತ್ತದೆ, ಅಲ್ವಾ?

ಅಮೆರಿಕದಲ್ಲಿರುವ ಅಕ್ಕನ ಮಗಳಿಗೆ ಪಟ್ಟಿಯ ಫೋಟೊ ಕಳಿಸಿದೆ. ಅವಳು ನಕ್ಕಳು. "ಚಿಕ್ಕಮ್ಮ, ನೀನು ಹೋದವರ ಹೆಸರು ಮಾತ್ರ ಬರ್ಕೊಂಡಿದೀಯ. ಬೆಂಚ್ ಮೇಲೆ ಕೂತಿದ್ದವರನ್ನ ನೋಡೇ ಇಲ್ಲ" ಅಂದಳು. ಬೆಂಚ್ ಅಂದರೆ ಮೊದಲ ಐವರಲ್ಲಿ ಇಲ್ಲದ, ಪಂದ್ಯದ ನಡುವೆ ಇಳಿಯುವ ಬದಲಿ ಆಟಗಾರ್ತಿಯರು. ಒಂದು ಕಿಲೋ ನಿಪ್ಪಟ್ಟಿಗೆ ಬೆಟ್ ಕಟ್ಟಿದೆವು.

ಅಕ್ಟೋಬರ್‌ನಲ್ಲಿ ಎಪಿ ಪೋಲ್ ಬಂತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗಾಗಿ ಪತ್ರಕರ್ತರು ಮತ ಹಾಕಿ ಮಾಡುವ, 25 ತಂಡಗಳ ಪಟ್ಟಿ ಅದು. ಅದರಲ್ಲೂ ಎಲ್‌ಎಸ್‌ಯು ಒಂದು, ಸೌತ್ ಕ್ಯಾರೊಲಿನಾ ಆರು. ನಾನು ಬೀಗಿದೆ. ನವೆಂಬರ್ 6ರಂದು, ಒಂದೇ ದಿನ, ಎಲ್‌ಎಸ್‌ಯು ಲಾಸ್ ವೇಗಸ್‌ನಲ್ಲಿ ಕೊಲೊರಾಡೊ ಎದುರು 92-78ರಿಂದ ಸೋತಿತು, ಸೌತ್ ಕ್ಯಾರೊಲಿನಾ ಪ್ಯಾರಿಸ್‌ನಲ್ಲಿ ನೋಟರ್ ಡೇಮ್ ತಂಡವನ್ನು 100-71ರಿಂದ ಚಚ್ಚಿತು. ಆಮೇಲೆ ಸೌತ್ ಕ್ಯಾರೊಲಿನಾ ಒಂದೂ ಪಂದ್ಯ ಸೋಲದೆ 38-0 ಅಂತ ಸೀಸನ್ ಮುಗಿಸಿ ಕಪ್ ಒಯ್ದಿತು. ನಿಪ್ಪಟ್ಟಿಗಿಂತ ಕೊರಿಯರ್ ದುಡ್ಡೇ ಜಾಸ್ತಿ ಆಯಿತು.

ಆ ಸೋಲಿನಿಂದ ಕಲಿತು, ತಿದ್ದಿ, ಈಗ ನಾನು ಬಳಸುವ ವಿಧಾನ ಇದು. ಕಂಪ್ಯೂಟರ್ ಪ್ರೋಗ್ರಾಂ ಏನೂ ಬೇಡ. ಒಂದು ಸ್ಪ್ರೆಡ್‌ಶೀಟ್, ಇಲ್ಲದಿದ್ದರೆ ಗೆರೆ ಹಾಕಿದ ಪುಸ್ತಕ ಸಾಕು.

ಯಾವಾಗ ಕೂರಬೇಕು

ಸೀಸನ್ ನವೆಂಬರ್ ಮೊದಲ ವಾರ ಶುರುವಾಗಿ ಏಪ್ರಿಲ್ ಮೊದಲ ವಾರ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ದೀಪಾವಳಿ ಆಸುಪಾಸಿನಿಂದ ಯುಗಾದಿ ಆಸುಪಾಸಿನವರೆಗೆ. 2024ರ ಫೈನಲ್ ನಮಗೆ ರಾತ್ರಿ 12:30ಕ್ಕೆ ಶುರುವಾಯಿತು, ಅದಾದ ಮರುದಿನವೇ ಯುಗಾದಿ. ಪಂಚಾಂಗ ಓದುವ ಹೊತ್ತಿಗೆ ಇಲ್ಲೂ ಹೊಸ ವರ್ಷದ ಫಲ ಹೇಳುವ ಕೆಲಸ ಶುರು ಅಂದುಕೊಳ್ಳಿ.

ಆದರೆ ಒಂದೇ ಸಲಕ್ಕೆ ಮುಗಿಸಬೇಡಿ. ಪಟ್ಟಿಯನ್ನು ಮೂರು ಸಲ ಮಾಡಿ. ಫೈನಲ್ ಮುಗಿದ ವಾರ ಒಂದು ಕರಡು. ಡಬ್ಲ್ಯುಎನ್‌ಬಿಎ ಡ್ರಾಫ್ಟ್ (ಮಹಿಳಾ ವೃತ್ತಿಪರ ಲೀಗ್‌ನ ತಂಡಗಳು ಹೊಸ ಆಟಗಾರ್ತಿಯರನ್ನು ಆರಿಸುವ ದಿನ) ಮುಗಿದು, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವವರು ಹೆಸರು ಕೊಡುವ ಪಟ್ಟಿ) ಗಲಾಟೆ ತಣ್ಣಗಾದ ಮೇಲೆ, ಅಂದರೆ ಮೇ ಕೊನೆಗೆ, ಎರಡನೆಯದು. ಅಕ್ಟೋಬರ್‌ನಲ್ಲಿ ಎಪಿ ಪೋಲ್ ಬರುವ ಮೊದಲು ಕೊನೆಯದು. ಮೇ ತಿಂಗಳ ಪಟ್ಟಿಯೇ ನಿಜವಾದ ಪಟ್ಟಿ. ಏಪ್ರಿಲ್‌ನದ್ದು ಸುಮ್ನೆ ಖುಷಿಗೆ.

ಹಂತ 1: ಕಳೆದ ಸೀಸನ್‌ನ ಶಕ್ತಿಯನ್ನು ಅಂಕಿಯಲ್ಲಿ ಬರೆದುಕೊಳ್ಳಿ

ಹೊಸಬರು ಮಾಡುವ ಮೊದಲ ತಪ್ಪು ಇಲ್ಲೇ. ಮಾರ್ಚ್‌ನ ರಾಷ್ಟ್ರೀಯ ಟೂರ್ನಿಯಲ್ಲಿ ಯಾರು ಎಲ್ಲಿವರೆಗೆ ಹೋದರು ಅನ್ನುವುದನ್ನೇ ಶಕ್ತಿ ಅಂದುಕೊಳ್ಳುತ್ತಾರೆ. ಟೂರ್ನಿಯಲ್ಲಿ ಒಂದು ಪಂದ್ಯ ಸೋತರೆ ಮನೆಗೆ. 2023ರಲ್ಲಿ ಎನ್‌ಸಿ ಸ್ಟೇಟ್ ಮೊದಲ ಸುತ್ತಿನಲ್ಲೇ ಪ್ರಿನ್ಸ್‌ಟನ್ ಎದುರು 64-63ರಿಂದ ಸೋತಿತು. ಬರೀ ಒಂದು ಪಾಯಿಂಟ್. ಮುಂದಿನ ಅಕ್ಟೋಬರ್‌ನಲ್ಲಿ ಎಪಿ ಪೋಲ್‌ನ 25ರಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಅದೇ ತಂಡ ಆ ಸೀಸನ್‌ನಲ್ಲಿ ಫೈನಲ್ ಫೋರ್‌ಗೆ, ಅಂದರೆ ಕೊನೆಯ ನಾಲ್ಕಕ್ಕೆ, ಹೋಯಿತು.

ಹಾಗಾಗಿ ಗೆಲುವು ಸೋಲು ಪಕ್ಕಕ್ಕಿಟ್ಟು, 100 ಪೊಸೆಷನ್‌ಗೆ ಎಷ್ಟು ಪಾಯಿಂಟ್ ಮಾಡಿದರು, ಎಷ್ಟು ಬಿಟ್ಟುಕೊಟ್ಟರು ಅಂತ ನೋಡಿ. ಪೊಸೆಷನ್ ಅಂದರೆ ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ. ಲೆಕ್ಕ ಹೀಗೆ: ಹೊಡೆದ ಶಾಟ್‌ಗಳಿಂದ (ಬಿದ್ದದ್ದು, ಬೀಳದ್ದು ಎರಡೂ ಸೇರಿ) ಆಫೆನ್ಸಿವ್ ರೀಬೌಂಡ್ (ತಪ್ಪಿದ ತಮ್ಮದೇ ಶಾಟ್‌ನ ಚೆಂಡನ್ನು ಮತ್ತೆ ಹಿಡಿದದ್ದು) ಕಳೆಯಿರಿ, ಟರ್ನೋವರ್ (ಶಾಟ್ ಹೊಡೆಯದೆ ಚೆಂಡು ಕಳೆದುಕೊಂಡದ್ದು) ಕೂಡಿ, ಫ್ರೀ ಥ್ರೋಗಳನ್ನು (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಹೊಡೆತ) 0.475ರಿಂದ ಗುಣಿಸಿ ಅದನ್ನೂ ಕೂಡಿ. ಉದಾಹರಣೆಗೆ 62 ಶಾಟ್, 12 ಆಫೆನ್ಸಿವ್ ರೀಬೌಂಡ್, 15 ಟರ್ನೋವರ್, 16 ಫ್ರೀ ಥ್ರೋ ಆದರೆ ಹೆಚ್ಚುಕಡಿಮೆ 72.6 ಪೊಸೆಷನ್. ಆ ಪಂದ್ಯ 76-61 ಆಗಿದ್ದರೆ, 100ಕ್ಕೆ ಸುಮಾರು 105 ಮಾಡಿ 84 ಬಿಟ್ಟುಕೊಟ್ಟ ಹಾಗೆ. ವ್ಯತ್ಯಾಸ 21.

ಇದನ್ನೆಲ್ಲ ಕೈಯಲ್ಲಿ ಮಾಡುತ್ತಾ ಕೂರಬೇಕಿಲ್ಲ. ಹರ್ ಹೂಪ್ ಸ್ಟ್ಯಾಟ್ಸ್, ಬಾರ್ಟ್ ಟೊರ್ವಿಕ್ ಸೈಟ್‌ಗಳಲ್ಲಿ ಲೆಕ್ಕ ಸಿದ್ಧ ಇರುತ್ತದೆ, ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸಿರುತ್ತಾರೆ. ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ತನ್ನದೇ ನೆಟ್ ರ‍್ಯಾಂಕಿಂಗ್ ಕೂಡ ಕೊಡುತ್ತದೆ. ಆದರೂ ಒಂದು ಪಂದ್ಯವನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ ನೋಡಿ, ಅಂಕಿ ಎಲ್ಲಿಂದ ಬರುತ್ತದೆ ಅಂತ ತಿಳಿಯುತ್ತದೆ.

ನಾನು ಕಳೆದ ಸೀಸನ್‌ಗೆ ಎರಡು ಪಾಲು, ಅದರ ಹಿಂದಿನದಕ್ಕೆ ಒಂದು ಪಾಲು ತೂಕ ಕೊಟ್ಟು ಸರಾಸರಿ ತೆಗೆಯುತ್ತೇನೆ. ಒಂದು ವರ್ಷ ಗಾಯದಿಂದ ಕುಸಿದ ಒಳ್ಳೆಯ ತಂಡ ಇದರಿಂದ ಪೂರ್ತಿ ಕೆಳಗೆ ಬೀಳುವುದಿಲ್ಲ. ಈ ಸರಾಸರಿಯಲ್ಲಿ ಮೊದಲ 30 ತಂಡ ಆರಿಸಿ. ಕೆಲಸ ಇರುವುದು ಇವುಗಳ ಮೇಲೆ ಮಾತ್ರ.

ಹಂತ 2: ಯಾರು ಹೋಗುತ್ತಾರೆ, ಯಾರು ಹೋಗಲಾರರು

ಪುರುಷರ ಕಾಲೇಜು ಆಟ ನೋಡಿದವರು ಇಲ್ಲಿ ಎಡವುತ್ತಾರೆ. ಅಲ್ಲಿ ಒಳ್ಳೆಯ ಹುಡುಗ ಒಂದೇ ವರ್ಷ ಆಡಿ ಎನ್‌ಬಿಎಗೆ ಹಾರುತ್ತಾನೆ. ಮಹಿಳೆಯರಲ್ಲಿ ಹಾಗಿಲ್ಲ. ಇಲ್ಲಿಯವರೆಗೆ ನಡೆದುಬಂದ ನಿಯಮದಂತೆ, ಅಮೆರಿಕದ ಆಟಗಾರ್ತಿ ಡ್ರಾಫ್ಟ್‌ಗೆ ಹೋಗಬೇಕಾದರೆ ಆ ವರ್ಷ 22 ತುಂಬಬೇಕು, ಇಲ್ಲವೇ ಕಾಲೇಜಿನ ನಾಲ್ಕು ವರ್ಷ ಮುಗಿದಿರಬೇಕು. ಹಾಗಾಗಿ ಮೊದಲ ವರ್ಷದಲ್ಲೇ ಪಂದ್ಯಕ್ಕೆ 27 ಪಾಯಿಂಟ್ ಸರಾಸರಿ ತಂದ ಯುಎಸ್‌ಸಿಯ ಜುಜು ವಾಟ್ಕಿನ್ಸ್ ಕೂಡ ಸೀದಾ ಮೇಲಕ್ಕೆ ಹೋಗುವ ಹಾಗಿರಲಿಲ್ಲ. ಊಹಿಸುವವರಿಗೆ ಇದು ವರ. ಮೊದಲ, ಎರಡನೇ ವರ್ಷದ ಸ್ಟಾರ್‌ಗಳು ಕಾಲೇಜು ಆಟದಲ್ಲೇ ಇರುತ್ತಾರೆ. ಯಾವ ಕಾಲೇಜಿನಲ್ಲಿ ಅನ್ನುವುದು ಮಾತ್ರ ಪ್ರಶ್ನೆ.

ಆ ಪ್ರಶ್ನೆ ಈಚೆಗೆ ದೊಡ್ಡದಾಗಿದೆ. 2021ರಿಂದ ಒಂದು ಸಲ ಕಾಲೇಜು ಬದಲಿಸಿದರೂ ಕೂಡಲೇ ಆಡಬಹುದಿತ್ತು. 2024ರಿಂದ ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡುತ್ತಿವೆ. ಹಾಗಾಗಿ "ಉಳಿದೇ ಉಳಿಯುತ್ತಾರೆ" ಅಂತ ಯಾರ ಹೆಸರನ್ನೂ ಏಪ್ರಿಲ್‌ನಲ್ಲಿ ಪೆನ್ನಿನಿಂದ ಬರೆಯಬೇಡಿ. ಪೆನ್ಸಿಲ್ ಇರಲಿ. 2025ರಲ್ಲಿ ನೋಟರ್ ಡೇಮ್‌ನ ಒಲಿವಿಯಾ ಮೈಲ್ಸ್ ಡ್ರಾಫ್ಟ್‌ನಲ್ಲಿ ಬಲು ಮೇಲೆ ಆಯ್ಕೆ ಆಗುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರು ಡ್ರಾಫ್ಟ್ ಬಿಟ್ಟು ಟಿಸಿಯು ಅನ್ನುವ ಇನ್ನೊಂದು ಕಾಲೇಜು ಸೇರಿದರು. ಒಂದೇ ನಿರ್ಧಾರಕ್ಕೆ ಎರಡು ತಂಡಗಳ ಲೆಕ್ಕ ತಲೆಕೆಳಗು.

ಪೋರ್ಟಲ್ ತೆರೆಯುವ ದಿನ, ಮುಚ್ಚುವ ದಿನ ಆಗಾಗ ಬದಲಾಗುತ್ತವೆ. ಪ್ರತಿ ವರ್ಷ ಒಮ್ಮೆ ನೋಡಿಕೊಳ್ಳಿ. ಮುಚ್ಚುವುದು ಅಂದರೆ ಹೆಸರು ಕೊಡಲು ಕೊನೆಯ ದಿನ ಅಷ್ಟೇ, ಹೊಸ ಕಾಲೇಜು ಆರಿಸಲು ಅಲ್ಲ. ಅದಕ್ಕೇ ಮೇ ಕೊನೆಯವರೆಗೆ ಕಾಯಿರಿ ಅಂದದ್ದು.

ಹಂತ 3: 200 ನಿಮಿಷದ ಲೆಕ್ಕ

ಇಡೀ ವಿಧಾನದ ಜೀವ ಇಲ್ಲಿದೆ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ಪಂದ್ಯ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಅಂಗಳದಲ್ಲಿ ಐದು ಜನ. ಅಂದರೆ ಒಂದು ತಂಡಕ್ಕೆ ಪಂದ್ಯಕ್ಕೆ 200 ನಿಮಿಷ ಸಿಗುತ್ತದೆ. ಎಂಟು ಸ್ಟಾರ್ ಬರಲಿ, ಹನ್ನೆರಡು ಬರಲಿ, 200 ಅನ್ನುವುದು 201 ಆಗುವುದಿಲ್ಲ. ಮನೆಗೆ ನೆಂಟರು ಎಷ್ಟೇ ಬರಲಿ, ಮಾಡಿಟ್ಟ ಅನ್ನ ಅಷ್ಟೇ ತಾನೇ. ಹಂಚಬೇಕು.

ಒಂದು ಕಾಲ್ಪನಿಕ ತಂಡ ತೆಗೆದುಕೊಳ್ಳೋಣ. ಮೊದಲ ಐವರ ನಿಮಿಷ 34, 32, 30, 27, 25. ಬೆಂಚಿನವರದ್ದು 20, 16, 10, ಉಳಿದವರೆಲ್ಲ ಸೇರಿ 6. ಕೂಡಿದರೆ 200. ಈಗ 34 ನಿಮಿಷದವರು ಓದು ಮುಗಿಸಿ ಹೋದರು, 27 ನಿಮಿಷದವರು ಪೋರ್ಟಲ್‌ಗೆ ಹೋದರು. ಹೋದದ್ದು 61, ಉಳಿದದ್ದು 139. ಸುಮಾರು 70 ಪರ್ಸೆಂಟ್. ಈ 61 ನಿಮಿಷವನ್ನು ಯಾರಿಗೆ ಕೊಡುತ್ತೀರಿ? ಸಣ್ಣ ಕಾನ್ಫರೆನ್ಸ್‌ನಲ್ಲಿ (ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಹೆಚ್ಚು ಆಡುವ ಕಾಲೇಜುಗಳ ಗುಂಪು) 35 ನಿಮಿಷ ಆಡುತ್ತಿದ್ದ ಗಾರ್ಡ್, ಅಂದರೆ ಚೆಂಡು ನಡೆಸುವ, ದೂರದಿಂದ ಆಡುವ ಆಟಗಾರ್ತಿ, ಬಂದಿದ್ದಾರೆ ಅಂದುಕೊಳ್ಳಿ. ಅವರಿಗೆ 35 ಕೊಡಬೇಡಿ, 24 ಕೊಡಿ. ಹೈಸ್ಕೂಲ್‌ನಿಂದ ಬರುವ ದೊಡ್ಡ ಹೆಸರಿನ ಹುಡುಗಿಗೆ 20. ಉಳಿದ 17 ಬೆಂಚಿನಲ್ಲಿದ್ದವರಿಗೇ ಹಂಚಿ.

ನನ್ನ ಅಂದಾಜಿನ ಗೆರೆ ಇದು. 70 ಪರ್ಸೆಂಟ್ ಮೇಲೆ ಉಳಿದರೆ ಹಂತ 1ರ ಅಂಕಿ ಹಾಗೇ ಇರಲಿ, ಬೇಕಾದರೆ ಚೂರು ಏರಿಸಿ. 50ರಿಂದ 70 ಆದರೆ ಸ್ವಲ್ಪ ಇಳಿಸಿ. 50ಕ್ಕಿಂತ ಕಡಿಮೆ ಆದರೆ ಜಾಸ್ತಿ ಇಳಿಸಿ, ಆದರೆ ಇಳಿಸುವ ಮೊದಲು ಬೆಂಚ್ ನೋಡಿ.

ನಾನು 2023ರಲ್ಲಿ ನೋಡದೆ ಕೆಟ್ಟದ್ದು ಇದನ್ನೇ. ಅಲಿಯಾ ಬಾಸ್ಟನ್ ಸೇರಿ ಸೌತ್ ಕ್ಯಾರೊಲಿನಾದ ಐದು ಜನ ಆ ಒಂದೇ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಆದರೆ ಕೋಚ್ ಡಾನ್ ಸ್ಟೇಲಿ ಬೆಂಚನ್ನು ಧಾರಾಳವಾಗಿ ಆಡಿಸುವವರು. ಕಮಿಲಾ ಕಾರ್ಡೊಸೊ ಬೆಂಚಿನಿಂದ ಎದ್ದು ಬಂದು, ಅರ್ಧ ಪಂದ್ಯಕ್ಕಿಂತ ಕಡಿಮೆ ಹೊತ್ತು ಆಡಿ, ಹತ್ತಿರ ಹತ್ತಿರ 10 ಪಾಯಿಂಟ್, 8ರ ಮೇಲೆ ರೀಬೌಂಡ್ ತರುತ್ತಿದ್ದರು. ಇದನ್ನು 40 ನಿಮಿಷಕ್ಕೆ ಹಿಗ್ಗಿಸಿ ನೋಡಿದ್ದರೆ ನನಗೆ ಆಗಲೇ ಗೊತ್ತಾಗಬೇಕಿತ್ತು. ಮುಂದಿನ ವರ್ಷ ಅವರ ಸರಾಸರಿ 14.4 ಪಾಯಿಂಟ್, 9.7 ರೀಬೌಂಡ್. ರೇವನ್ ಜಾನ್ಸನ್, ಬ್ರೀ ಹಾಲ್ ಕೂಡ ಅದೇ ಬೆಂಚಿನಿಂದ ಎದ್ದವರು. ಹೊರಗಿನಿಂದ ಬಂದ ಅನುಭವಸ್ಥರಲ್ಲಿ ಮುಖ್ಯರು ಒರೆಗಾನ್‌ನ ಟೆ-ಹೀನಾ ಪಾಪೌ.

ಹಾಗಾಗಿ ಬೆಂಚಿನ ಪ್ರತಿಯೊಬ್ಬರಿಗೂ 40 ನಿಮಿಷಕ್ಕೆ ಎಷ್ಟು ಅಂತ ಬರೆಯಿರಿ. ಆದರೆ 8 ನಿಮಿಷಕ್ಕಿಂತ ಕಡಿಮೆ ಆಡಿದವರ ಲೆಕ್ಕ ನಂಬಬೇಡಿ. ಅವರು ಆಡಿರುವುದು 30 ಪಾಯಿಂಟ್ ಮುಂದಿದ್ದಾಗ, ಎದುರು ತಂಡ ಕೈ ಚೆಲ್ಲಿದ ಮೇಲೆ.

ಹಂತ 4: ಪೋರ್ಟಲ್‌ನಿಂದ ಬಂದವರಿಗೆ ಬೆಲೆ ಕಟ್ಟುವುದು

ಇಲ್ಲಿ ಎರಡು ಪ್ರಶ್ನೆ. ಹಿಂದೆ ಯಾರ ಎದುರು ಆಡುತ್ತಿದ್ದರು? ಇಲ್ಲಿ ಯಾವ ಕೆಲಸ ಮಾಡಬೇಕು?

ಮೊದಲನೆಯದು ಸುಲಭ. ಎಸ್‌ಇಸಿ, ಬಿಗ್ ಟೆನ್, ಎಸಿಸಿ, ಬಿಗ್ 12, ಈ ನಾಲ್ಕು ದೊಡ್ಡ ಕಾನ್ಫರೆನ್ಸ್ ಬಿಟ್ಟು ಬೇರೆ ಕಡೆಯಿಂದ ಬಂದವರ ಪಾಯಿಂಟ್‌ನಲ್ಲಿ ನಾನು ಕಾಲು ಭಾಗ ಕತ್ತರಿಸುತ್ತೇನೆ. ಕೆಲವರ ವಿಷಯದಲ್ಲಿ ಇದು ಅನ್ಯಾಯವೇ, ಇರಲಿ.

ಎರಡನೆಯದರಲ್ಲಿ ಎಲ್ಲರೂ ಬೀಳುತ್ತಾರೆ. ವ್ಯಾನ್ ಲಿತ್ ಲೂಯಿವಿಲ್‌ನಲ್ಲಿ ಪಂದ್ಯಕ್ಕೆ 19.7 ಪಾಯಿಂಟ್ ಹೊಡೆಯುತ್ತಿದ್ದರು, ಸ್ಕೋರ್ ಮಾಡುವುದೇ ಕೆಲಸ. ಎಲ್‌ಎಸ್‌ಯುನಲ್ಲಿ ಪಾಯಿಂಟ್ ಗಾರ್ಡ್ ಅಲೆಕ್ಸಿಸ್ ಮಾರಿಸ್ ಹೋಗಿ ಜಾಗ ಖಾಲಿ ಇತ್ತು, ಚೆಂಡು ತಂದು ಆಟ ನಡೆಸುವ ಕೆಲಸ ಇವರ ತಲೆಗೆ ಬಂತು. ಸರಾಸರಿ 11.6ಕ್ಕೆ ಇಳಿಯಿತು. ಮುಂದಿನ ವರ್ಷ ಟಿಸಿಯುಗೆ ಹೋದರು. ಅಲ್ಲಿ ಆಟವೇ ಇವರ ಸುತ್ತ ಕಟ್ಟಿದ್ದು, ಒಳಗೆ ಎತ್ತರದ ಸೆಡೋನಾ ಪ್ರಿನ್ಸ್. ಸರಾಸರಿ ಮತ್ತೆ 17.9. ಆಟಗಾರ್ತಿ ಅವರೇ, ಮೂರು ಕಾಲೇಜು, ಮೂರು ಅಂಕಿ.

ಟಿಸಿಯು ಕಥೆ ಇನ್ನೂ ಮಜಾ. 2024ರ ಜನವರಿಯಲ್ಲಿ ಗಾಯದಿಂದ ಆಡಲು ಜನವೇ ಇಲ್ಲದೆ ಎರಡು ಪಂದ್ಯ ಬಿಟ್ಟುಕೊಟ್ಟು, ಕ್ಯಾಂಪಸ್‌ನಲ್ಲಿ "ಯಾರು ಬೇಕಾದರೂ ಬನ್ನಿ" ಅಂತ ಟ್ರಯಲ್ಸ್ ಮಾಡಿದ್ದರು. ಮರು ಸೀಸನ್‌ನಲ್ಲಿ 34-4, ಬಿಗ್ 12 ಚಾಂಪಿಯನ್, ಮೊದಲ ಬಾರಿಗೆ ಕೊನೆಯ ಎಂಟರಲ್ಲಿ ಜಾಗ. ಕಳೆದ ವರ್ಷದ ಅಂಕಿಯನ್ನಷ್ಟೇ ನೋಡಿದ್ದರೆ ಇದು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಹಾಗಾಗಿ ಪ್ರತಿ ತಂಡದ ಎದುರು ಒಂದು ಸಾಲು ಬರೆಯಿರಿ: ಚೆಂಡು ಮೇಲೆ ತರುವವರು ಯಾರು? ಎರಡು ಸೀಸನ್ ಆ ಕೆಲಸ ಮಾಡಿದ ಒಬ್ಬರ ಹೆಸರು ಬರೆಯಲು ಆಗದಿದ್ದರೆ, ಆ ತಂಡವನ್ನು ಮೊದಲ ನಾಲ್ಕರಲ್ಲಿ ಇಡಬೇಡಿ. ಈ ಒಂದು ಸಾಲು ನನಗೆ 2023ರಲ್ಲಿ ನಿಪ್ಪಟ್ಟು ಉಳಿಸುತ್ತಿತ್ತು.

ಹಂತ 5: ಹೈಸ್ಕೂಲ್‌ನಿಂದ ಬರುವವರು

ದೇಶಕ್ಕೆ ಮೊದಲ ಎರಡು ಮೂರು ರ‍್ಯಾಂಕ್‌ನವರು ಬಂದರೆ ತಂಡ ನಿಜಕ್ಕೂ ಬದಲಾಗಬಹುದು. ಯುಕಾನ್‌ನ ಸಾರಾ ಸ್ಟ್ರಾಂಗ್ ಮೊದಲ ವರ್ಷದಲ್ಲೇ, 2025ರ ಫೈನಲ್‌ನಲ್ಲಿ 24 ಪಾಯಿಂಟ್, 15 ರೀಬೌಂಡ್ ತೆಗೆದರು. ಯುಕಾನ್ ಸೌತ್ ಕ್ಯಾರೊಲಿನಾವನ್ನು 82-59ರಿಂದ ಸೋಲಿಸಿ ತನ್ನ 12ನೇ ಕಪ್ ಗೆದ್ದಿತು. ಆದರೆ ಅವರ ಪಕ್ಕದಲ್ಲಿ ಪೇಜ್ ಬೆಕರ್ಸ್, ಆಝಿ ಫಡ್ ಇದ್ದರು ಅನ್ನುವುದನ್ನು ಮರೆಯಬೇಡಿ.

ಮೊದಲ ಹತ್ತರಿಂದ ಕೆಳಗಿನವರಿಗೆ 12ರಿಂದ 15 ನಿಮಿಷ ಕೊಟ್ಟು ಮುಂದೆ ಹೋಗಿ. ಎತ್ತರದ ಹುಡುಗಿಯರಿಗಿಂತ ಗಾರ್ಡ್‌ಗಳು ಬೇಗ ಹೊಂದಿಕೊಳ್ಳುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಹಂತ 6: ಮೊಣಕಾಲು

ಈ ಆಟದಲ್ಲಿ ಎಸಿಎಲ್ ಅನ್ನುವ ಮೂರಕ್ಷರ ಎಷ್ಟು ಪಟ್ಟಿ ಹರಿದು ಹಾಕಿದೆಯೋ. ಮೊಣಕಾಲಿನ ಒಳಗಿನ ಆ ಕಟ್ಟು ಹರಿದರೆ ವಾಪಸ್ ಬರಲು ಸಾಮಾನ್ಯವಾಗಿ 9ರಿಂದ 12 ತಿಂಗಳು. ಇಲ್ಲಿ ಗಾಯದ ತಿಂಗಳು ನೋಡುವುದೇ ಉಪಾಯ.

ಟೆಕ್ಸಸ್‌ನ ರೋರಿ ಹಾರ್ಮನ್‌ಗೆ ಗಾಯ ಆದದ್ದು 2023ರ ಡಿಸೆಂಬರ್‌ನಲ್ಲಿ. 2024ರ ನವೆಂಬರ್‌ಗೆ ವಾಪಸ್. ಫಡ್‌ಗೆ 2023ರ ನವೆಂಬರ್, ವಾಪಸ್ ಬಂದದ್ದು 2024ರ ನವೆಂಬರ್. ಈಗ ಇನ್ನೊಂದು ಕಡೆ ನೋಡಿ. ಮೈಲ್ಸ್‌ಗೆ 2023ರ ಫೆಬ್ರವರಿ ಕೊನೆಯಲ್ಲಿ ಗಾಯ, ಮುಂದಿನ ಇಡೀ ಸೀಸನ್ ಹೋಯಿತು. ಬೆಕರ್ಸ್‌ಗೆ 2022ರ ಆಗಸ್ಟ್, ಅವರಿಗೂ ಸೀಸನ್ ಪೂರ್ತಿ ಹೋಯಿತು. ವಾಟ್ಕಿನ್ಸ್‌ಗೆ 2025ರ ಮಾರ್ಚ್ 24ರಂದು, ಟೂರ್ನಿಯ ಎರಡನೇ ಸುತ್ತಿನಲ್ಲಿ. ಮುಂದಿನ ಸೀಸನ್ ಆಡುವುದಿಲ್ಲ ಅಂತ ಅವರೇ ಸೆಪ್ಟೆಂಬರ್‌ನಲ್ಲಿ ಹೇಳಿದರು. ಅಷ್ಟರವರೆಗೆ ಎಷ್ಟೋ ಜನ ಯುಎಸ್‌ಸಿಯನ್ನು ಮೇಲೆ ಇಟ್ಟುಕೊಂಡೇ ಕೂತಿದ್ದರು.

ನನ್ನ ನಿಯಮ ಇಷ್ಟೇ. ಜನವರಿಗೆ ಮೊದಲು ಗಾಯ ಆಗಿದ್ದರೆ ಮುಂದಿನ ಸೀಸನ್‌ನಲ್ಲಿ 20 ನಿಮಿಷ ಬರೆಯುತ್ತೇನೆ. ಫೆಬ್ರವರಿಯಲ್ಲಿ ಅಥವಾ ಆಮೇಲೆ ಆಗಿದ್ದರೆ ಸೊನ್ನೆ. ಜನವರಿ ಮಧ್ಯದವರಿಗೆ ಅರ್ಧ. ತಂಡ ಏನು ಹೇಳಿಕೆ ಕೊಟ್ಟರೂ ಈ ಸೊನ್ನೆಯನ್ನು ಮಾತ್ರ ಅಳಿಸುವುದಿಲ್ಲ.

ಹಂತ 7: ಕೋಚ್ ಮತ್ತು ಕಾನ್ಫರೆನ್ಸ್

ಕೋಚ್ ಬದಲಾದರೆ ಎಷ್ಟು ಇಳಿಸಬೇಕು? ಒಂದೇ ಉತ್ತರ ಇಲ್ಲ. 2024ರಲ್ಲಿ ಎರಡು ದೊಡ್ಡ ತಂಡಗಳಲ್ಲಿ ಒಂದೇ ಥರದ್ದು ನಡೆಯಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಟಾರಾ ವ್ಯಾನ್‌ಡರ್ವೀರ್ 1,216 ಗೆಲುವಿನೊಂದಿಗೆ ನಿವೃತ್ತರಾದರು, ಕ್ಯಾಮರನ್ ಬ್ರಿಂಕ್ ಡಬ್ಲ್ಯುಎನ್‌ಬಿಎಗೆ ಹೋದರು, ಕಿಕಿ ಇರಿಯಾಫೆನ್ ಯುಎಸ್‌ಸಿ ಸೇರಿದರು. ಪ್ಯಾಕ್-12 ಒಡೆದು ಹೋಗಿದ್ದರಿಂದ ತಂಡವೂ ದೇಶದ ಆ ತುದಿಯ ಎಸಿಸಿಗೆ ಸೇರಬೇಕಾಯಿತು. 1988ರಿಂದ ಒಮ್ಮೆಯೂ ತಪ್ಪದ ಟೂರ್ನಿ 2025ರಲ್ಲಿ ತಪ್ಪಿತು. ಅಯೋವಾದಲ್ಲಿ ಕೇಟ್ಲಿನ್ ಕ್ಲಾರ್ಕ್ ಹೋದರು, ಕೋಚ್ ಲಿಸಾ ಬ್ಲೂಡರ್ ನಿವೃತ್ತರಾದರು. ಅವರೂ ಕೆಳಗಿಳಿದರು, ಆದರೆ ಟೂರ್ನಿಗೆ ಬಂದು ಒಂದು ಸುತ್ತು ಗೆದ್ದರು. ಎರಡೂ ಕಡೆ ಹೊಸ ಕೋಚ್ ಅದೇ ತಂಡದ ಹಳೆಯ ಸಹಾಯಕರೇ. ಕಾನ್ಫರೆನ್ಸ್ ಬದಲಾಗದೆ ಇದ್ದದ್ದು ಅಯೋವಾಕ್ಕೆ ಮಾತ್ರ.

ಕೋಚ್, ಸ್ಟಾರ್, ಕಾನ್ಫರೆನ್ಸ್ ಮೂರರಲ್ಲಿ ಒಂದು ಬದಲಾದರೆ ತಡೆದುಕೊಳ್ಳಬಹುದು. ಎರಡಾದರೆ ಐದಾರು ಸ್ಥಾನ ಇಳಿಸಿ. ಮೂರೂ ಒಟ್ಟಿಗೆ ಆದರೆ ಪಟ್ಟಿಯಿಂದಲೇ ತೆಗೆಯಿರಿ, ಹೆಸರು ಎಷ್ಟೇ ದೊಡ್ಡದಿರಲಿ.

ಹಂತ 8: ಜೋಡಿಸಿ, ಆಮೇಲೆ ಮಾರ್ಕ್ಸ್ ಹಾಕಿಕೊಳ್ಳಿ

ಒಂದರಿಂದ 25ರವರೆಗೆ ನೇರ ಸಾಲು ಮಾಡಲು ಹೆಣಗಬೇಡಿ. ನಾಲ್ಕು ನಾಲ್ಕರ ಗುಂಪು ಮಾಡಿ, ಒಟ್ಟು 16 ತಂಡ. ಇದಕ್ಕೆ ಕಾರಣ ಇದೆ. ಮಾರ್ಚ್‌ನಲ್ಲಿ ಟೂರ್ನಿಯ ಸೀಡಿಂಗ್ (ತಂಡಗಳಿಗೆ ಶಕ್ತಿಯ ಕ್ರಮದಲ್ಲಿ ಕೊಡುವ ಸ್ಥಾನ) ಬಂದಾಗ, ನಾಲ್ಕು ವಿಭಾಗಗಳ ಮೊದಲ ನಾಲ್ಕು ಸೀಡ್, ಅಂದರೆ 16 ತಂಡ, ಮೊದಲ ಎರಡು ಸುತ್ತನ್ನು ತಮ್ಮ ಮನೆಯಂಗಳದಲ್ಲೇ ಆಡುತ್ತವೆ. ನಿಮ್ಮ ಪಟ್ಟಿಯನ್ನು ಆ ಸೀಡಿಂಗ್ ಜೊತೆ ಹೋಲಿಸಿ. 16ರೊಳಗೆ ಇದ್ದ ತಂಡ ಹಿಡಿದರೆ ಒಂದು ಮಾರ್ಕ್, ಸರಿಯಾದ ಗುಂಪಿನಲ್ಲೇ ಹಿಡಿದರೆ ಎರಡು. ಒಟ್ಟು 32ಕ್ಕೆ. ಕಪ್ ಗೆದ್ದವರು ಯಾರು ಅನ್ನುವುದಕ್ಕೆ ಮಾರ್ಕ್ಸ್ ಇಲ್ಲ, ಅದರಲ್ಲಿ ಅದೃಷ್ಟದ ಪಾಲು ಜಾಸ್ತಿ.

ಎಪಿ ಪೋಲ್‌ಗೂ ಇದೇ ಮಾರ್ಕ್ಸ್ ಹಾಕಿ ನೋಡಿ. ಅವರನ್ನು ಒಂದೆರಡು ಮಾರ್ಕ್‌ನಿಂದ ಹಿಂದೆ ಹಾಕಿದರೂ ಆ ದಿನ ಕಾಫಿ ರುಚಿಯೇ ಬೇರೆ. ಹಾಕದಿದ್ದರೆ ಯಾವ ಹಂತದಲ್ಲಿ ಎಡವಿದಿರಿ ಅಂತ ಪ್ರತಿ ತಂಡದ ಎದುರು ಒಂದು ಪದ ಬರೆಯಿರಿ: ಬೆಂಚ್, ಗಾರ್ಡ್, ಮೊಣಕಾಲು, ಕೋಚ್. ನನ್ನ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವ ಪದ ಬೆಂಚ್.

ಇನ್ನೊಂದು ಮಾತು. ಅಕ್ಟೋಬರ್‌ನ ಕೊನೆಯ ಪಟ್ಟಿ ಮುಗಿದ ಕೂಡಲೇ ತಾರೀಕು ಹಾಕಿ, ಫೋಟೊ ತೆಗೆದು, ಯಾರಿಗಾದರೂ ವಾಟ್ಸಾಪ್ ಮಾಡಿಬಿಡಿ. ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಕೈ ತಡೆಯುವುದಿಲ್ಲ, ಸುಮ್ನೆ ಒಂದು ಹೆಸರು ಮೇಲೆ ಕೆಳಗೆ ಮಾಡೋಣ ಅನಿಸುತ್ತದೆ. ನನ್ನ ಫೋಟೊ ಹೋಗುವುದು ಅಕ್ಕನ ಮಗಳಿಗೆ. ಈಗ ಬೆಟ್ ನಿಪ್ಪಟ್ಟಿಗೆ ಅಲ್ಲ, ಕೊರಿಯರ್ ಬೇಡದ ಯಾವುದಾದರೂ ಇರಲಿ ಅಂತ ಒಪ್ಪಂದ ಆಗಿದೆ.